ಹವಳಕ್ಕೆ ಬೇಕಾದ ಬೆಳಕು

ನಮ್ಮಮ್ಮನ ತಾಳಿಸರದಲ್ಲಿ ಕರಿಮಣಿಗಳ ನಡುವೆ ಎರಡು ಹವಳಗಳಿದ್ದವು. ಚಿಕ್ಕಂದಿನಲ್ಲಿ ನನಗೆ ಹವಳವೆಂದರೆ ಅಷ್ಟೇ: ಕೆಂಪಗಿನ, ಉರುಟಾದ, ಮುಟ್ಟಿದರೆ ತಣ್ಣಗಿರುವ ಒಂದು ಮಣಿ. ಮುತ್ತು, ಹವಳ ಎಂದು ಒಟ್ಟಿಗೆ ಹೇಳುವ ಹೆಸರು. ಅದು ಒಂದು ಕಾಲದಲ್ಲಿ ಜೀವಂತವಾಗಿತ್ತು ಎಂದು ಯಾರೂ ಹೇಳಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ದಕ್ಷಿಣ ಲಂಡನ್ನಿನ ಫಾರೆಸ್ಟ್ ಹಿಲ್‌ನಲ್ಲಿರುವ ಹಾರ್ನಿಮನ್ ವಸ್ತುಸಂಗ್ರಹಾಲಯದ ಅಕ್ವೇರಿಯಂ ಮುಂದೆ ಮಗಳನ್ನು ಎತ್ತಿಕೊಂಡು ನಿಂತಿದ್ದೆ. ಗಾಜಿನ ಆಚೆ ಹಸಿರು, ನೇರಳೆ, ಕಂದು ಬಣ್ಣದ ಹವಳದ ಕೊಂಬೆಗಳು. ಮೇಲಿಂದ ನೀಲಿ ಬೆಳಕು. ಇವು ಹವಳ ಎಂದು ತೋರಿಸಿದಾಗ ಅವಳು ಕೇಳಿದಳು: "ಅಜ್ಜಿಯ ಹವಳ ಡಬ್ಬಿಯೊಳಗೆ ಇರುತ್ತಲ್ಲ, ಅದಕ್ಕೆ ಲೈಟು ಬೇಡ್ವಾ?" ನಗು ಬಂತು. ಆದರೆ ಈ ಪ್ರಶ್ನೆಯ ಹಿಂದೆ ಹೊರಟರೆ ಮುನ್ನೂರು ವರ್ಷಗಳ ಕತೆ ಸಿಗುತ್ತದೆ ಎಂದು ಆಗ ತಿಳಿದಿರಲಿಲ್ಲ. ಹವಳಕ್ಕೆ ಎಷ್ಟು ಬೆಳಕು ಬೇಕು, ಯಾವ ಬಣ್ಣದ ಬೆಳಕು ಬೇಕು ಎಂಬುದನ್ನು ಮನುಷ್ಯ ಕಲಿಯಲು ಅಷ್ಟು ಕಾಲ ಹಿಡಿಯಿತು. ತಡವಾದದ್ದಕ್ಕೆ ಒಂದು ದೊಡ್ಡ ಕಾರಣ, ನಾವು ಬೆಳಕನ್ನು ಪ್ರತಿ ಸಲವೂ ನಮ್ಮ ಕಣ್ಣಿನಿಂದ ಅಳೆಯಲು ಹೋದದ್ದು.

ಮೊದಲು ಅಜ್ಜಿಯ ಹವಳದ ವಿಷಯ. ಆಭರಣದ ಕೆಂಪು ಹವಳ ಬಹುಕಾಲದಿಂದ ಭಾರತಕ್ಕೆ ಬಂದದ್ದು ಮೆಡಿಟರೇನಿಯನ್ ಸಮುದ್ರದಿಂದ. ಅದು ಬೆಳೆಯುವುದು ನೀರೊಳಗಿನ ಗುಹೆಗಳಲ್ಲಿ, ಬಂಡೆಗಳ ನೆರಳಿನಲ್ಲಿ, ಬಿಸಿಲು ತಲುಪದ ಆಳದಲ್ಲಿ. ಅದಕ್ಕೆ ಬೆಳಕು ಬೇಕಿಲ್ಲ. ಮಗಳ ಪ್ರಶ್ನೆಗೆ ಆವತ್ತೇ ಕೊಡಬಹುದಾಗಿದ್ದ ಸರಿಯಾದ ಉತ್ತರ ಇದು: ಬೇಡ, ಬದುಕಿದ್ದಾಗಲೂ ಬೇಕಿರಲಿಲ್ಲ.

ಹವಳವನ್ನು ನೀರಿನ ಪಾತ್ರೆಯಲ್ಲಿಟ್ಟು ನೋಡಿದ ಮೊದಲಿಗರ ಎದುರಿಗಿದ್ದದ್ದೂ ಈ ಕೆಂಪು ಹವಳವೇ. 1706ರಲ್ಲಿ ಇಟಲಿಯ ಕೌಂಟ್ ಮಾರ್ಸಿಲಿ ಹವಳದ ಕೊಂಬೆಯನ್ನು ಸಮುದ್ರದ ನೀರಲ್ಲಿಟ್ಟಾಗ ಎಂಟು ದಳಗಳ ಬಿಳಿ 'ಹೂ'ಗಳು ಅರಳಿದವು. ಹೂ ಬಿಡುವುದು ಗಿಡವೇ ತಾನೆ? ಹಾಗೆಂದೇ ಬರೆದ. 1720ರ ದಶಕದಲ್ಲಿ ಮಾರ್ಸೇಯ ವೈದ್ಯ ಪೇಸೊನೆಲ್ ಅದೇ ಪ್ರಯೋಗ ಮಾಡಿ, ಅವು ಹೂಗಳಲ್ಲ, ಮುಟ್ಟಿದರೆ ಮುದುಡುವ ಪ್ರಾಣಿಗಳು ಎಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತಿಳಿಸಿದ. ಅಲ್ಲಿನ ಹಿರಿಯ ರೋಮ್ಯೂರ್‌ಗೆ ಅದು ಎಷ್ಟು ಅಸಂಬದ್ಧವಾಗಿ ಕಂಡಿತೆಂದರೆ, ಲೇಖಕನ ಮಾನ ಉಳಿಸಲೆಂದು ಹೆಸರು ಹೇಳದೆಯೇ ಆ ವಿಚಾರವನ್ನು ಪ್ರಸ್ತಾಪಿಸಿದ. ಪೇಸೊನೆಲ್ ಹೇಳಿದ್ದೇ ಸರಿಯೆಂದು ಮುಂದೆ ಎಲ್ಲರೂ ಒಪ್ಪಿದರು. ಆದರೆ ಇಲ್ಲೊಂದು ವ್ಯಂಗ್ಯವಿದೆ. ಹವಳ ಪ್ರಾಣಿ ಎಂದು ತೀರ್ಮಾನವಾದ ಮೇಲೆ, ಪ್ರಾಣಿಗೆ ಬಿಸಿಲಿನಿಂದ ಏನಾಗಬೇಕು ಎಂದು ಕೇಳಲು ಯಾರಿಗೂ ಕಾರಣವೇ ಉಳಿಯಲಿಲ್ಲ.

ಇನ್ನು ಲಂಡನ್. 1846ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಧರ್ಮಾಧಿಕಾರಿಯೊಬ್ಬರ ಪತ್ನಿ ಅನ್ನಾ ಥಿನ್ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದಾಗ, ಅಲ್ಲಿನ ಬಂಡೆಗಳಿಂದ ಸಣ್ಣ ಕಲ್ಲುಹವಳಗಳನ್ನು ಕಲ್ಲಿನ ಜಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದರು. ದಾರಿಯಲ್ಲಿ ಕುಲುಕಾಡದಿರಲೆಂದು ಅವನ್ನು ಸೂಜಿದಾರದಿಂದ ಒಂದು ಸ್ಪಂಜಿಗೆ ಹೊಲಿದಿದ್ದರಂತೆ. ನೀರು ಕೆಡದಂತೆ ಮನೆಯ ಕೆಲಸದವಳು ದಿನವೂ ಕಿಟಕಿಯ ಬಳಿ ನಿಂತು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ನಾವು ಕಾಫಿ ಆರಿಸುವ ಹಾಗೆ, ಅರ್ಧ ಮುಕ್ಕಾಲು ಗಂಟೆ ಎತ್ತಿ ಸುರಿಯಬೇಕಾಗಿತ್ತು. ಆಮೇಲೆ ಅನ್ನಾ ಜಾಡಿಯಲ್ಲಿ ಕಡಲಪಾಚಿಯನ್ನೂ ಬೆಳೆಸಿದರು. ಹವಳಗಳು ಬದುಕಿದವು, ಮರಿಯನ್ನೂ ಹಾಕಿದವು. ಅದನ್ನು ಅವರು ಒಂದು ವಿಜ್ಞಾನ ಪತ್ರಿಕೆಯಲ್ಲಿ ವರದಿ ಮಾಡಿದರು. ಮನೆಯೊಳಗಿನ ಮೊದಲ ಸಮತೋಲಿತ ಕಡಲತೊಟ್ಟಿಗಳಲ್ಲಿ ಅದೊಂದು. ಆ ಕೆಲಸದವಳ ಹೆಸರನ್ನು ಮಾತ್ರ ಯಾರೂ ದಾಖಲಿಸಿದಂತಿಲ್ಲ.

ಟಾರ್ಕಿಯ ಆ ಹವಳಗಳೂ ತಣ್ಣೀರಿನವು, ಬೆಳಕನ್ನು ನಂಬಿ ಬದುಕುವ ಜಾತಿಯಲ್ಲ. ಹಾಗಾಗಿ ಲಂಡನ್ನಿನ ಮಂಕು ಬೆಳಕಿನಲ್ಲೂ ಉಳಿದವು. ಅನ್ನಾ ಥಿನ್ ಉಷ್ಣವಲಯದ ದಿಬ್ಬದಿಂದ ಹವಳ ತಂದಿದ್ದರೆ, ಎಷ್ಟು ನೀರು ಆರಿಸಿದರೂ ಅದು ಕೆಲವೇ ವಾರಗಳಲ್ಲಿ ಸಾಯುತ್ತಿತ್ತು. ಯಾಕೆ ಸತ್ತಿತೆಂದೂ ತಿಳಿಯುತ್ತಿರಲಿಲ್ಲ.

1853ರಲ್ಲಿ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕರಿಗಾಗಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ 'ದಿ ಅಕ್ವೇರಿಯಂ' ಪುಸ್ತಕ ಬಂದು, ಮಧ್ಯಮವರ್ಗದ ಮನೆಗಳಲ್ಲಿ ಗಾಜಿನ ತೊಟ್ಟಿಯ ಹುಚ್ಚು ಹಿಡಿಯಿತು. ಎಲ್ಲರೂ ತೊಟ್ಟಿಯನ್ನು ಕಿಟಕಿಯ ಬಳಿ ಇಟ್ಟರು. ವಾರದೊಳಗೆ ನೀರು ಹಸಿರಾಗಿ, ಗಾಜಿನ ಮೇಲೆ ಲೋಳೆ ಕಟ್ಟಿ, ಒಳಗಿದ್ದದ್ದು ಕಾಣದಾಯಿತು. ಇದರಿಂದ ಆ ತಲೆಮಾರು ಕಲಿತ ಪಾಠ ಒಂದೇ: ಬೆಳಕು ತೊಟ್ಟಿಯ ಶತ್ರು. 1871ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ವಿಲಿಯಂ ಆಲ್ಫರ್ಡ್ ಲಾಯ್ಡ್ ಕಟ್ಟಿದ ದೊಡ್ಡ ಅಕ್ವೇರಿಯಂನಲ್ಲಿ ಬಹುಪಾಲು ನೀರನ್ನು ಕೆಳಗಿನ ಕತ್ತಲ ತೊಟ್ಟಿಗಳಲ್ಲಿ ಇಡಲಾಗಿತ್ತು, ಅಲ್ಲಿಂದಲೇ ಅದು ಸುತ್ತುತ್ತಿತ್ತು. ನೀರನ್ನು ತಿಳಿಯಾಗಿಡಲು ಅದು ಒಳ್ಳೆಯ ಉಪಾಯ. ಆ ಜಾಗ ನಾನು ಮಗಳೊಡನೆ ನಿಂತಿದ್ದ ಫಾರೆಸ್ಟ್ ಹಿಲ್‌ನಿಂದ ಹೆಚ್ಚು ದೂರವೇನಲ್ಲ.

ಅದಾಗಿ ಹತ್ತು ವರ್ಷಕ್ಕೆ, 1881ರಲ್ಲಿ, ಜರ್ಮನಿಯ ಕಾರ್ಲ್ ಬ್ರಾಂಟ್ ಕೆಲವು ಕಡಲಜೀವಿಗಳ ಮೈಯೊಳಗೆ ಕಾಣುವ ಹಳದಿ ಕಣಗಳಿಗೆ 'ಝೂಕ್ಸಾಂಥೆಲ್ಲ' ಎಂದು ಹೆಸರಿಟ್ಟರು. ಅಕ್ಷರಶಃ ಅರ್ಥ ಪುಟ್ಟ ಹಳದಿ ಪ್ರಾಣಿ. ಆದರೆ ಅವು ಪಾಚಿಗಳು, ಬಿಸಿಲಿನಿಂದ ಆಹಾರ ತಯಾರಿಸುವ ಒಂಟಿಕೋಶದ ಜೀವಿಗಳು. ಬಿಸಿನೀರಿನ ಸಮುದ್ರಗಳಲ್ಲಿ ದಿಬ್ಬ ಕಟ್ಟುವ ಹವಳಗಳ ಅಂಗಾಂಶದ ತುಂಬ ಇವೇ. ಒಂದು ಚದರ ಸೆಂಟಿಮೀಟರಿನಲ್ಲಿ ಹತ್ತು ಲಕ್ಷದಷ್ಟು ಇರುತ್ತವೆ. ಹವಳದ ಕಂದುಬಣ್ಣವೂ ಬಹುಮಟ್ಟಿಗೆ ಇವುಗಳದೇ. ಮಾರ್ಸಿಲಿ ಗಿಡ ಎಂದದ್ದು ತಪ್ಪು, ಪೇಸೊನೆಲ್ ಪ್ರಾಣಿ ಎಂದದ್ದು ಸರಿ. ಆದರೆ ದಿಬ್ಬದ ಹವಳ ಗಿಡವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಾಣಿ.

ಈ ಬಾಡಿಗೆದಾರರು ಅಲ್ಲೇನು ಮಾಡುತ್ತಾರೆ? 1928ರಿಂದ 29ರವರೆಗೆ ಮಾರಿಸ್ ಯಂಗ್ ನೇತೃತ್ವದ ಬ್ರಿಟಿಷ್ ತಂಡ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಲೋ ಐಲ್ಸ್ ನಡುಗಡ್ಡೆಗಳಲ್ಲಿ ಒಂದು ವರ್ಷ ಬೀಡುಬಿಟ್ಟು ಇದನ್ನು ಪರೀಕ್ಷಿಸಿತು. ಹವಳಗಳನ್ನು ಬೆಳಕು ನುಸುಳದ ಪೆಟ್ಟಿಗೆಗಳಲ್ಲಿ ಇಟ್ಟರು. ದಿನ ಕಳೆದಂತೆ ಅವು ಪಾಚಿಯನ್ನು ಕಳೆದುಕೊಂಡು ಬಿಳಿಚಿದವು. ನೀರು ತೀರಾ ಬಿಸಿಯಾದಾಗಲೂ ಹಾಗೆಯೇ ಆಯಿತು. ಇಷ್ಟನ್ನು ಕಣ್ಣಾರೆ ಕಂಡ ಯಂಗ್, ಹವಳ ಮಾಂಸಾಹಾರಿ, ಪಾಚಿ ಅದರ ಆಹಾರವಲ್ಲ, ಅದರ ಕಸ ಬಳಿಯುವ ಸಹಾಯಕ ಎಂದು ತೀರ್ಮಾನಿಸಿದರು. ಅದೇ ಕಾಲಕ್ಕೆ ಪೆಸಿಫಿಕ್‌ನ ಪಲಾವು ದ್ವೀಪದಲ್ಲಿ ಜಪಾನಿಯರು ಒಂದು ಸಂಶೋಧನಾ ಕೇಂದ್ರ ತೆರೆದಿದ್ದರು. ಅಲ್ಲಿದ್ದ ಸಿರೊ ಕವಾಗುತಿ 1930ರ ದಶಕದಲ್ಲಿ ಬೆಳಕಿಗೆ ಹವಳಗಳು ಹೇಗೆ ಸ್ಪಂದಿಸುತ್ತವೆ ಎಂದು ಒಂದೊಂದಾಗಿ ಅಳೆಯತೊಡಗಿದರು. ಯುದ್ಧ ಬಂತು, ಕೇಂದ್ರ ಮುಚ್ಚಿತು. ಅವರ ಮುಖ್ಯ ಬರಹಗಳಲ್ಲಿ ಕೆಲವು 1944ರ ಯುದ್ಧದ ನಡುವೆ ಅಚ್ಚಾದವು.

ಉತ್ತರ ಸಿಕ್ಕಿದ್ದು ಪರಮಾಣು ಯುಗದ ಸಲಕರಣೆಗಳಿಂದ. 1958ರಲ್ಲಿ ಕ್ಯಾಲಿಫೋರ್ನಿಯಾದ ಮಸ್ಕಟೀನ್ ಮತ್ತು ಹ್ಯಾಂಡ್, ಹವಳದ ಹತ್ತಿರದ ನೆಂಟನಾದ ಕಡಲಹೂವಿಗೆ ವಿಕಿರಣಶೀಲ ಇಂಗಾಲ ಕೊಟ್ಟು, ಪಾಚಿ ತಯಾರಿಸಿದ ಆಹಾರ ಪ್ರಾಣಿಯ ಮೈಗೆ ಸೇರುವುದನ್ನು ತೋರಿಸಿದರು. 1959ರಲ್ಲಿ ಜಮೈಕಾದಲ್ಲಿ ಥಾಮಸ್ ಗೋರೊ ವಿಕಿರಣಶೀಲ ಕ್ಯಾಲ್ಸಿಯಂ ಬಳಸಿ ಹವಳ ಸುಣ್ಣದ ಗೂಡು ಕಟ್ಟುವ ವೇಗ ಅಳೆದರು. ಬಿಸಿಲಿನಲ್ಲಿ ಕೆಲಸ ಚುರುಕು, ಮೋಡದ ದಿನ ನಿಧಾನ, ಕತ್ತಲಲ್ಲಿ ಇನ್ನೂ ನಿಧಾನ. ಅಂದರೆ ಅನೇಕ ಹವಳಗಳಿಗೆ ಬೆಳಕೇ ಊಟ, ಬೆಳಕೇ ಕೂಲಿ. ನಾವು ಭೂಪಟದಲ್ಲಿ ಕಾಣುವ ಲಕ್ಷದ್ವೀಪದಂಥ ಹವಳದ್ವೀಪಗಳು ಬಿಸಿಲಿನ ಬಲದಿಂದ ಎದ್ದ ಸುಣ್ಣದ ಕಟ್ಟಡಗಳು.

ಈ ಬಿಸಿಲನ್ನು ಮನೆಯೊಳಗೆ ತರುವುದು ಹೇಗೆ? ಉಷ್ಣವಲಯದಲ್ಲಿದ್ದವರಿಗೆ ಅದು ಸುಲಭ. ನ್ಯೂ ಕ್ಯಾಲಿಡೋನಿಯಾದ ನುಮೆಯಾದಲ್ಲಿ ರೆನೆ ಕಟಾಲಾ 1956ರಲ್ಲಿ ತೆರೆದ ಅಕ್ವೇರಿಯಂಗೆ ಸಮುದ್ರದ ನೀರು ಸದಾ ಹರಿದು ಬರುತ್ತಿತ್ತು. ಜಕಾರ್ತಾದ ಲೀ ಚಿನ್ ಎಂಗ್ 1960ರ ದಶಕದ ಆರಂಭದಲ್ಲಿ ಸಮುದ್ರದಿಂದ ಜೀವವಿರುವ ಬಂಡೆ ತಂದು, ಗಾಳಿಗುಳ್ಳೆ ಬಿಟ್ಟು, ತೊಟ್ಟಿಗೆ ಬಿಸಿಲು ಬೀಳುವಂತೆ ಇಟ್ಟು ಹವಳ ಸಾಕಿ ತೋರಿಸಿದರು. ಅದನ್ನು ಓದಿ ನಕಲು ಮಾಡಿದ ಉತ್ತರ ದೇಶಗಳ ಹವ್ಯಾಸಿಗಳು ಸೋತರು. ಬಂಡೆ ಸಿಕ್ಕಿತು, ಗುಳ್ಳೆ ಸಿಕ್ಕಿತು, ಜಕಾರ್ತಾದ ಬಿಸಿಲು ಸಿಗಲಿಲ್ಲ.

ಇಲ್ಲಿ ಕಣ್ಣು ಮಾಡುವ ಮೋಸ ಗಮನಿಸಬೇಕು. ಉಷ್ಣವಲಯದ ನಡುಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ರಾತ್ರಿ ದೀಪ ಹಾಕಿದ ನಮ್ಮ ಹಾಲಿನಲ್ಲಿ ಇರುವುದು ಇನ್ನೂರು ಮುನ್ನೂರು. ಆದರೂ ಎರಡೂ ಕಡೆ ನಾವು ನಿರಾಳವಾಗಿ ಪತ್ರಿಕೆ ಓದುತ್ತೇವೆ. ನಮ್ಮ ಕಣ್ಣು ಹೊಂದಿಕೊಂಡು ಬಿಡುತ್ತದೆ. ಪಾಚಿ ಹಾಗಲ್ಲ. ಅದು ಬೆಳಕಿನ ಕಣಗಳನ್ನು ಎಣಿಸಿಯೇ ಅಡುಗೆ ಮಾಡಬೇಕು. ನಮಗೆ ಝಗಝಗ ಕಾಣುವ ಕೋಣೆ ಅದಕ್ಕೆ ಬರಗಾಲ.

ಪರಿಹಾರ ಹುಟ್ಟಿದ್ದು ಬಿಸಿಲು ಕಡಿಮೆಯಿರುವ ಜರ್ಮನಿಯಲ್ಲೇ. ಹವಳದಂಥ ಜೀವಿಗಳನ್ನು ಸಾಕುವ ಬಗ್ಗೆ ಪೀಟರ್ ವಿಲ್ಕೆನ್ಸ್ 1973ರಲ್ಲಿ ಪುಸ್ತಕ ಬರೆದರು. ಬರ್ಲಿನ್ನಿನ ಹವ್ಯಾಸಿಗಳು, ಮುಖ್ಯವಾಗಿ ಡೀಟ್ರಿಖ್ ಸ್ಟ್ಯೂಬರ್, ಅಂಗಡಿ ಬೀದಿಗಳಿಗೂ ಆಟದ ಮೈದಾನಗಳಿಗೂ ಬಳಸುತ್ತಿದ್ದ ಮೆಟಲ್ ಹ್ಯಾಲೈಡ್ ದೀಪಗಳನ್ನು ತೊಟ್ಟಿಯ ಮೇಲೆ ತೂಗುಹಾಕಿದರು. ಹವಳಕ್ಕೆ ಗೂಡು ಕಟ್ಟಲು ಬೇಕಾದ ಕ್ಯಾಲ್ಸಿಯಂಗೆ ಸುಣ್ಣದ ತಿಳಿಯನ್ನು ಹನಿಹನಿಯಾಗಿ ಬಿಟ್ಟರು. ನಮ್ಮಲ್ಲಿ ಗೋಡೆಗೆ ಬಳಿಯಲು, ಎಲೆಗೆ ಸವರಲು ಸುಣ್ಣ ಕಲಸಿದವರಿಗೆ ಆ ತಿಳಿ ಗೊತ್ತಿರುತ್ತದೆ. ಸ್ಟ್ಯೂಬರ್ ಅವರ ತೊಟ್ಟಿಯಲ್ಲಿ ಬೆಳೆದ ಕೊಂಬೆಹವಳದ ತುಂಡುಗಳು ಕೈಯಿಂದ ಕೈಗೆ ಹೋಗಿ ಹಲವು ದೇಶಗಳ ತೊಟ್ಟಿಗಳಲ್ಲಿ ಬೆಳೆದವು. ಮಲ್ಲಿಗೆಯ ಬಳ್ಳಿಯ ಕಡ್ಡಿ ಮುರಿದು ಪಕ್ಕದ ಮನೆಗೆ ಕೊಟ್ಟ ಹಾಗೆ. ಇದನ್ನು ಇವತ್ತಿಗೂ ಬರ್ಲಿನ್ ಪದ್ಧತಿ ಎನ್ನುತ್ತಾರೆ. ಬೆಳಕನ್ನು ಶತ್ರುವೆಂದು ಕಂಡ ವಿಕ್ಟೋರಿಯನ್ ಪಾಠವನ್ನು ಅದು ತಲೆಕೆಳಗು ಮಾಡಿತು.

ಬೆಳಕಿನ ಪ್ರಮಾಣದ ನಂತರ ಬಣ್ಣದ ಪ್ರಶ್ನೆ. ಇದರ ಒಂದು ಎಳೆ ನಮ್ಮ ಕಡೆಗೂ ಬರುತ್ತದೆ. 1921ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನ ಮುಗಿಸಿ ನರ್ಕುಂಡಾ ಹಡಗಿನಲ್ಲಿ ಹಿಂತಿರುಗುತ್ತಿದ್ದ ಸಿ. ವಿ. ರಾಮನ್ ಮೆಡಿಟರೇನಿಯನ್ನಿನ ನೀಲಿಗೆ ಮಾರುಹೋದರು. ಸಮುದ್ರ ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂದು ಲಾರ್ಡ್ ರೇಲೀ ಹೇಳಿದ್ದರು. ರಾಮನ್ ಒಂದು ನಿಕೋಲ್ ಪಟ್ಟಕದಿಂದ ಆ ಪ್ರತಿಬಿಂಬವನ್ನು ತಡೆದು ನೋಡಿದರು. ನೀಲಿ ಇನ್ನೂ ಗಾಢವಾಗಿ ಉಳಿದಿತ್ತು. ಬಣ್ಣ ನೀರಿನದೇ, ನೀರಿನ ಅಣುಗಳು ಬೆಳಕನ್ನು ಚದುರಿಸುವುದರಿಂದ ಬಂದದ್ದು ಎಂದು ವಾದಿಸಿದರು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದ್ದು ನಮಗೆಲ್ಲ ಗೊತ್ತು. ಇದರ ಜೊತೆಗೆ ನೀರು ಕೆಂಪನ್ನು ಹೀರಿಕೊಳ್ಳುವುದೂ ಸೇರಿ ಸಮುದ್ರದ ನೀಲಿ ಆಗುತ್ತದೆ. ಮೊದಲ ಹತ್ತು ಮೀಟರಿನೊಳಗೇ ಕೆಂಪಿನ ಬಹುಪಾಲು ಮುಗಿಯುತ್ತದೆ. ಅದರ ಕೆಳಗೆ ಉಳಿಯುವುದು ನೀಲಿಯ ರಾಜ್ಯ. ಅಮ್ಮನ ಸರದ ಆ ಕೆಂಪು ಹವಳ ತನ್ನ ಮನೆಯಲ್ಲಿ ಕೆಂಪಾಗಿ ಕಂಡೇ ಇರಲಿಲ್ಲ. ಅಲ್ಲಿ ಅದು ಕಪ್ಪು.

ದಿಬ್ಬದ ಹವಳಗಳು ಬೆಳೆದದ್ದು ಈ ನೀಲಿಯಲ್ಲಿ. ಅವುಗಳ ಪಾಚಿಯ ವರ್ಣದ್ರವ್ಯಗಳು ನೀಲಿ ಮತ್ತು ನೀಲಿಹಸಿರನ್ನು ಚೆನ್ನಾಗಿ ಹಿಡಿಯುತ್ತವೆ. ಆದರೆ ಮನೆಯ ದೀಪಗಳನ್ನು ಮಾಡಿದ್ದು ಮನುಷ್ಯರಿಗೆ, ಹಳದಿಯ ಕಡೆಗೆ ವಾಲಿಸಿ. ಹವ್ಯಾಸಿಗಳು ಮೊದಲು ಹಗಲಿನ ಬಣ್ಣದ 5,500, 6,500 ಕೆಲ್ವಿನ್ ದೀಪ ಹಾಕಿದರು. ಆಮೇಲೆ 10,000ಕ್ಕೆ, 20,000ಕ್ಕೆ ಹೋದರು. ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿ. ಜೊತೆಗೆ ನಕ್ಷೆಗಳ ನಕಲು ತೆಗೆಯುವ ಯಂತ್ರಗಳಲ್ಲಿ ಬಳಸುತ್ತಿದ್ದ, ಸುಮಾರು 420 ನ್ಯಾನೋಮೀಟರಿನ ನೇರಳೆನೀಲಿ ಟ್ಯೂಬುಗಳನ್ನೂ ತಂದು ಸೇರಿಸಿದರು. ಬೀದಿದೀಪ, ನಕಲುಯಂತ್ರದ ದೀಪ ಹೀಗೆ ಬೇರೆ ಯಾವುದಕ್ಕೋ ಮಾಡಿದ್ದು ಹವಳದ ಸೂರ್ಯನಾಯಿತು.

1993ರಲ್ಲಿ ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶುಜಿ ನಕಾಮುರ ಪ್ರಖರ ನೀಲಿ ಎಲ್‌ಇಡಿ ಮಾಡಿ ತೋರಿಸಿದರು. ಅಕಾಸಾಕಿ, ಅಮಾನೊ ಜೊತೆಗೆ ಅವರಿಗೆ 2014ರಲ್ಲಿ ನೊಬೆಲ್ ಬಂತು. ಇಂದು ನಮ್ಮ ಮನೆ, ಬೀದಿ, ಮೊಬೈಲುಗಳನ್ನೆಲ್ಲ ಬೆಳಗುತ್ತಿರುವುದು ಅದೇ ಶೋಧ. ಹವಳದ ತೊಟ್ಟಿಗೆ ಅದು ಮೊದಲ ಬಾರಿಗೆ ಬಣ್ಣ ಬಣ್ಣವನ್ನೂ ಬೇರೆಬೇರೆಯಾಗಿ ಏರಿಸಿ ಇಳಿಸುವ ಹಿಡಿತ ಕೊಟ್ಟಿತು. 2014ರಲ್ಲೇ ಪ್ರಕಟವಾದ ಒಂದು ಡಚ್ ಅಧ್ಯಯನದಲ್ಲಿ, ಬರೀ ಕೆಂಪು ಬೆಳಕಿನಲ್ಲಿಟ್ಟ ಕೊಂಬೆಹವಳಗಳು ನೀಲಿ ಬೆಳಕಿನವುಗಳಿಗಿಂತ ಸೊರಗಿದವು. ಬಣ್ಣ ಬರೀ ಅಲಂಕಾರದ ಮಾತಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ.

ಇಷ್ಟೆಲ್ಲ ನಾನು ಓದಿದ್ದು ಒಂದು ಸಾವಿನ ನಂತರ. ಹಾರ್ನಿಮನ್ ಭೇಟಿಯ ಮೇಲೆ ಮಗಳ ಆಸೆಗೆ ಮನೆಯಲ್ಲೂ ಒಂದು ಸಣ್ಣ ಕಡಲತೊಟ್ಟಿ ಇಟ್ಟೆವು. ಅದರಲ್ಲಿ ಯಾರೋ ಹವ್ಯಾಸಿ ತನ್ನ ತೊಟ್ಟಿಯಲ್ಲಿ ಬೆಳೆಸಿ ಮುರಿದುಕೊಟ್ಟ ಹೆಬ್ಬೆರಳಿನಷ್ಟು ಕೊಂಬೆಹವಳವೂ ಇತ್ತು. ಹಳೆಯ ಟ್ಯೂಬಿನ ಮಂಕು ಬೆಳಕಿನಲ್ಲಿ ಎಂಟು ತಿಂಗಳು ಕಂದಾಗಿ, ಸುಮ್ಮನೆ, ಆದರೆ ಆರೋಗ್ಯವಾಗಿ ಇತ್ತು. ಪಾಪ, ಇನ್ನಷ್ಟು ಬೆಳಕು ಸಿಗಲಿ ಎಂದು ಎಲ್‌ಇಡಿ ತಂದು ಪೂರ್ತಿ ಜೋರಿಗೆ ಇಟ್ಟೆ. ನನ್ನ ಕಣ್ಣಿಗೆ ತೊಟ್ಟಿ ಸ್ವಲ್ಪ ಚೆನ್ನಾಗಿ ಬೆಳಗಿದೆ ಅನ್ನಿಸಿತು, ಅಷ್ಟೇ. ನಾಲ್ಕನೇ ದಿನ ತುದಿಗಳು ಬಿಳಿಯಾದವು. ಹತ್ತನೇ ದಿನ ಇಡೀ ಹವಳ ಸುಣ್ಣದ ಕಡ್ಡಿ. ಮಗಳು "ಹಿಮ ಬಿದ್ದಿದೆ" ಎಂದಳು.

ಆದದ್ದು ಇಷ್ಟು. ಮಂದ ಬೆಳಕಿಗೆ ಹೊಂದಿಕೊಂಡ ಹವಳ, ಸಿಕ್ಕಿದ ಕಣವನ್ನೆಲ್ಲ ಹಿಡಿಯಲು ತನ್ನ ಪಾಚಿಯಲ್ಲಿ ವರ್ಣದ್ರವ್ಯ ಹೆಚ್ಚಿಸಿಕೊಂಡಿರುತ್ತದೆ. ಹಠಾತ್ತನೆ ಬೆಳಕು ಹಲವು ಪಟ್ಟಾದರೆ ಪಾಚಿಗೆ ಅದನ್ನೆಲ್ಲ ಬಳಸಲಾಗುವುದಿಲ್ಲ. ಮಿಕ್ಕ ಶಕ್ತಿಯಿಂದ ಆಮ್ಲಜನಕದ ವಿಷಕಾರಿ ರೂಪಗಳು ಹುಟ್ಟಿ ಜೀವಕೋಶಗಳನ್ನು ಸುಡುತ್ತವೆ. ಹವಳ ತನ್ನ ಅನ್ನದಾತರನ್ನೇ ಹೊರದಬ್ಬುತ್ತದೆ, ಒಳಗಿನ ಬಿಳಿ ಗೂಡು ಕಾಣುತ್ತದೆ. ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವೇ ಏರಿಸಿದ್ದರೆ ಅದು ಬಹುಶಃ ಹೊಂದಿಕೊಳ್ಳುತ್ತಿತ್ತು. ಸಮುದ್ರದಲ್ಲಿ ಇಂದು ಆಗುತ್ತಿರುವುದೂ ಇದರ ಇನ್ನೊಂದು ರೂಪ. ನೀರು ಬಿಸಿಯಾದಾಗ ಪಾಚಿಯ ತಾಳಿಕೆ ಕುಗ್ಗಿ, ನಿನ್ನೆಯವರೆಗೆ ಊಟವಾಗಿದ್ದ ಬಿಸಿಲೇ ಇವತ್ತು ವಿಷವಾಗುತ್ತದೆ. ಲೋ ಐಲ್ಸ್‌ನಲ್ಲಿ ಯಂಗ್ ಪಾತ್ರೆಯೊಳಗೆ ಕಂಡದ್ದು ಈಗ ಸಾಗರದ ಅಳತೆಯಲ್ಲಿ ನಡೆಯುತ್ತಿದೆ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಸಾಗರ ಸಂಸ್ಥೆ ನೋವಾ, ಜಗತ್ತಿನಾದ್ಯಂತ ಹವಳಗಳು ಬಿಳಿಚುತ್ತಿರುವ ನಾಲ್ಕನೇ ಘಟನೆಯನ್ನು ಘೋಷಿಸಿತು.

ಕಣ್ಣಿನ ಇನ್ನೊಂದು ಮೋಸ ಹೊಳಪಿನದು. ಬರೀ ನೀಲಿ ದೀಪ ಹಾಕಿದರೆ ಹವಳಗಳು ಹಸಿರು, ಕಿತ್ತಳೆಯಾಗಿ ನಿಯಾನ್ ಫಲಕದಂತೆ ಮಿನುಗುತ್ತವೆ. ನುಮೆಯಾದಲ್ಲಿ ಕಟಾಲಾ ಆಳದ ಹವಳಗಳಿಗೆ ಅತಿನೇರಳೆ ದೀಪ ಹಿಡಿದು ಈ ಬೆರಗನ್ನು ಜಗತ್ತಿಗೆ ತೋರಿಸಿದವರು. 1999ರಲ್ಲಿ ರಷ್ಯಾದ ವಿಜ್ಞಾನಿಗಳು ಮಾಸ್ಕೋದ ಅಕ್ವೇರಿಯಂ ಹವಳಗಳಿಂದಲೇ ಹೊಳೆಯುವ ಕೆಂಪು ಪ್ರೋಟೀನನ್ನು ಹೊರತೆಗೆದರು. ಜೀವಕೋಶದೊಳಗಿನ ಕೆಲಸಗಳಿಗೆ ಗುರುತು ಹಚ್ಚಲು ಪ್ರಯೋಗಾಲಯಗಳು ಅಂದಿನಿಂದ ಅದನ್ನು ಬಳಸುತ್ತಿವೆ. ಅಂಗಡಿಗಳಿಗೂ ಈ ಮಿನುಗು ಇಷ್ಟ, ಯಾಕೆಂದರೆ ಮಿನುಗುವ ಹವಳ ಹೆಚ್ಚು ಬೆಲೆಗೆ ಮಾರುತ್ತದೆ. ಆದರೆ ಹವಳ ಇದನ್ನು ತಯಾರಿಸುವುದು ನಮಗಾಗಿ ಅಲ್ಲ. ಮೇಲ್ನೀರಿನಲ್ಲಿ ಅದು ಬಿಸಿಲಿಗೆ ಹಿಡಿದ ಕೊಡೆ ಎಂದು ಕವಾಗುತಿ 1944ರಲ್ಲೇ ಊಹಿಸಿದ್ದರು. ಸೌತಾಂಪ್ಟನ್ನಿನ ಸಂಶೋಧಕರು 2008ರಲ್ಲಿ, ನೀಲಿ ಬೆಳಕು ಹೆಚ್ಚಿದಷ್ಟೂ ಹವಳ ಈ ಪ್ರೋಟೀನುಗಳನ್ನು ಹೆಚ್ಚು ತಯಾರಿಸುತ್ತದೆ ಎಂದು ತೋರಿಸಿದರು. ಆಳದಲ್ಲಿ ಇದೇ ಬಗೆಯ ಪ್ರೋಟೀನು ನೀಲಿಯನ್ನು ಕಿತ್ತಳೆಗೆಂಪಾಗಿ ಬದಲಿಸಿ, ಅಂಗಾಂಶದ ಒಳಪದರದ ಪಾಚಿಗೂ ಬೆಳಕು ತಲುಪುವಂತೆ ಮಾಡುತ್ತದೆ ಎಂದು 2017ರಲ್ಲಿ ಅವರದೇ ತಂಡ ವರದಿ ಮಾಡಿತು. 2020ರಲ್ಲಿ ಇನ್ನೊಂದು ಮಾತು ಸೇರಿತು. ಪಾಚಿ ಕಳೆದುಕೊಂಡ ಹವಳದ ಬಿಳಿ ಗೂಡಿಗೆ ಬಡಿದು ಬೆಳಕು ಒಳಗೇ ಹೆಚ್ಚಾಗುವುದರಿಂದ, ಬಿಳಿಚುವ ಹವಳಗಳು ಕೆಲವೊಮ್ಮೆ ಹಿಂದೆಂದೂ ಇಲ್ಲದ ಉಜ್ವಲ ಬಣ್ಣ ತಳೆಯುತ್ತವೆ. ನಾವು ಆಹಾ ಎನ್ನುವ ಆ ಬಣ್ಣ ಜ್ವರದ ಮುಖದ ಕೆಂಪಿನಂತೆ.

ಹೀಗೆ ಬೆಳಕು ಊಟವೆಂದೂ, ಅತಿಯಾದರೆ ವಿಷವೆಂದೂ ಕಲಿತದ್ದಾಯಿತು. ಕೊನೆಗೆ ಕಲಿತದ್ದು ಕತ್ತಲೆಯ ಬೆಲೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ, ಒಟ್ಟಿಗೆ ಅಂಡ ಮತ್ತು ವೀರ್ಯದ ಉಂಡೆಗಳನ್ನು ನೀರಿಗೆ ಬಿಡುತ್ತವೆ ಎಂಬುದು ವಿಜ್ಞಾನಕ್ಕೆ ತಿಳಿದದ್ದು 1980ರ ದಶಕದ ಆರಂಭದಲ್ಲಿ. ಹವಳಕ್ಕೆ ಕಣ್ಣಿಲ್ಲ, ಆದರೂ ಮಂದ ನೀಲಿ ಬೆಳಕನ್ನು ಗ್ರಹಿಸುವ ಅಣುಗಳು ಅದರ ಮೈಯಲ್ಲಿವೆ. ಬೆಳದಿಂಗಳು ಅದರ ಪಂಚಾಂಗ. ದಿನವಿಡೀ ದೀಪ ಹಾಕಿ ರಾತ್ರಿಯೂ ಪಕ್ಕದ ಕೋಣೆಯ ಬೆಳಕು ಬೀಳುವ ತೊಟ್ಟಿಯಲ್ಲಿ ಹವಳ ಬೆಳೆಯಬಹುದು, ಕೊಂಬೆ ಮುರಿದರೆ ಹೊಸದಾಗಿ ಹಬ್ಬಬಹುದು. ಆದರೆ ಹುಣ್ಣಿಮೆಯೇ ಇಲ್ಲದ ಕಡೆ ಸಂತಾನಕ್ಕೆ ದಿನ ಗೊತ್ತುಮಾಡುವುದು ಹೇಗೆ?

ಈ ಪಂಚಾಂಗವನ್ನು ತೊಟ್ಟಿಯೊಳಗೆ ಬರೆದದ್ದು ಹಾರ್ನಿಮನ್‌ನಲ್ಲೇ. ಜೇಮಿ ಕ್ರಾಗ್ಸ್ ಮತ್ತು ಸಂಗಡಿಗರು ಸಿಂಗಪುರ ಹಾಗೂ ಆಸ್ಟ್ರೇಲಿಯಾದ ಹವಳಗಳನ್ನು ತಂದು, ಆಯಾ ಊರಿನ ಸೂರ್ಯೋದಯ, ಸೂರ್ಯಾಸ್ತ, ಋತುಮಾನದ ಬಿಸಿ, ಚಂದ್ರನ ವೃದ್ಧಿ ಕ್ಷಯಗಳನ್ನು ಎಲ್‌ಇಡಿ ಮತ್ತು ಕಂಪ್ಯೂಟರಿನಿಂದ ಅನುಕರಿಸಿದರು. ಲಂಡನ್ನಿನ ಬೆಳಕು ನುಸುಳದಂತೆ ತೊಟ್ಟಿಗಳಿಗೆ ಮರೆ ಕಟ್ಟಿದರು. ಸಮುದ್ರದ ಸಂಪರ್ಕವೇ ಇಲ್ಲದ ಈ ತೊಟ್ಟಿಗಳಲ್ಲಿ ನಾಲ್ಕು ಜಾತಿಯ ಹವಳಗಳು ನಿರೀಕ್ಷಿಸಿದ ಕಾಲಕ್ಕೆ ಅಂಡ ಬಿಟ್ಟವು. ಅದರ ವಿಧಾನವನ್ನು ಅವರು 2017ರಲ್ಲಿ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು.

ಇದು ಹವ್ಯಾಸಿಗಳ ಸಂಭ್ರಮವಾಗಿ ಉಳಿಯಲಿಲ್ಲ. ಫ್ಲಾರಿಡಾ ತೀರದಲ್ಲಿ 2014ರಿಂದ ಕಲ್ಲುಹವಳಗಳ ಅಂಗಾಂಶ ಕರಗಿಸುವ ರೋಗವೊಂದು ಹಬ್ಬಿತು. ರೋಗ ತಲುಪುವ ಮುನ್ನವೇ ಹವಳಗಳನ್ನು ಕಿತ್ತು ದೇಶದ ಹಲವು ಅಕ್ವೇರಿಯಂಗಳಿಗೆ ಸಾಗಿಸಿದರು. 2019ರ ಆಗಸ್ಟ್‌ನಲ್ಲಿ ಫ್ಲಾರಿಡಾ ಅಕ್ವೇರಿಯಂನಲ್ಲಿ, ಹಾರ್ನಿಮನ್ ತಂಡದ ನೆರವಿನಿಂದ ರೂಪಿಸಿದ ಹಗಲುರಾತ್ರಿಗಳ ಕೆಳಗೆ, ಅಳಿವಿನಂಚಿನ ಕಂಬಹವಳ ಅಂಡ ಬಿಟ್ಟಿತು. ಅಟ್ಲಾಂಟಿಕ್ ಹವಳವೊಂದರಿಂದ ಪ್ರಯೋಗಾಲಯದಲ್ಲಿ ಹೀಗೆ ಸಂತಾನ ಪಡೆದದ್ದು ಅದೇ ಮೊದಲು. 2023ರ ಬೇಸಿಗೆಯಲ್ಲಿ ಅಲ್ಲಿನ ಕೊಲ್ಲಿಯೊಂದರ ಆಳವಿಲ್ಲದ ನೀರು 38 ಡಿಗ್ರಿ ಮುಟ್ಟಿದಾಗ, ಸಾವಿರಾರು ಹವಳಗಳನ್ನು ಮತ್ತೆ ನೆಲದ ಮೇಲಿನ ತೊಟ್ಟಿಗಳಿಗೆ ಹೊತ್ತರು. ಒಂದು ಕಾಲದಲ್ಲಿ ಹವಳ ಸಾಯುತ್ತಿದ್ದ ಜಾಗವೇ ಈಗ ಕೆಲವು ಹವಳಗಳ ಆಸರೆ. ಸಮುದ್ರ ತಣ್ಣಗಾಗದಿದ್ದರೆ ಯಾವ ತೊಟ್ಟಿಯೂ ದಿಬ್ಬವನ್ನು ಉಳಿಸಲಾರದು ಎಂಬುದೂ ಅಷ್ಟೇ ನಿಜ. ತೊಟ್ಟಿ ಬೀಜದ ಕಣಜ, ಗದ್ದೆಯಲ್ಲ.

ಇತ್ತ ಕಡಲಲ್ಲೇ ಕತ್ತಲೆ ಕಡಿಮೆಯಾಗುತ್ತಿದೆ. ತೀರದ ನಗರಗಳ ರಾತ್ರಿದೀಪಗಳು ಬೀಳುವ ಕಡೆ ಹವಳಗಳು ಅಂಡ ಬಿಡುವ ದಿನ ಹುಣ್ಣಿಮೆಯ ಕಡೆಗೆ ಒಂದರಿಂದ ಮೂರು ದಿನ ಸರಿದಿದೆ ಎಂದು 2023ರ ಒಂದು ಅಧ್ಯಯನ ಹೇಳಿತು. ಒಂದೇ ರಾತ್ರಿ ಸೇರಬೇಕಾದ ಬೀಜಗಳು ಬೇರೆಬೇರೆ ರಾತ್ರಿ ಹೊರಟರೆ ಕೂಡುವುದೆಲ್ಲಿ? ಕೆಂಪು ಸಮುದ್ರದ, ಕೊಲ್ಲಿ ದೇಶಗಳ ತೀರಗಳಲ್ಲಿ ನಮ್ಮವರೂ ಬಹಳ ಮಂದಿ ದುಡಿಯುತ್ತಿದ್ದಾರೆ. ಅಲ್ಲಿನ ದೀಪಗಳ ಸಾಲಿನಲ್ಲಿ ನಮ್ಮದೂ ಒಂದಿದೆ. ಊರಿನ ಹತ್ತಿರ, ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಭಾರತದಲ್ಲಿ ಕಲ್ಲುಹವಳಗಳಿಗೆ 2001ರಿಂದ ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಇದೆ. ಬಿಸಿಯಾಗುವ ನೀರಿಗೆ ಮಾತ್ರ ಆ ಕಾನೂನು ತಿಳಿಯದು.

ನಮ್ಮ ಮನೆಯ ತೊಟ್ಟಿಯಲ್ಲಿ ಈಗ ಒಂದೇ ಹವಳವಿದೆ. ಮಂದ ಬೆಳಕಿನಲ್ಲೂ ಬದುಕುವ ಮೆತ್ತನೆಯ ಜಾತಿಯದು. ದೀಪವನ್ನು ಅರ್ಧಕ್ಕಿಂತ ಕಡಿಮೆಗೆ ಇಟ್ಟಿದ್ದೇನೆ. ನೋಡುವವರಿಗೆ ಮಂಕಾಗಿ ಕಾಣುತ್ತದೆ. ರಾತ್ರಿ ಹತ್ತಕ್ಕೆ ಹಾಲಿನ ದೀಪ ಆರಿಸಿ ತೊಟ್ಟಿಯ ಮೇಲೆ ಅಮ್ಮನ ಹಳೆಯ ಕರಿಪಂಚೆಯ ತುಂಡೊಂದನ್ನು ಹೊದಿಸುವುದು ಮಗಳ ಕೆಲಸ. ಸುಣ್ಣದ ಕಡ್ಡಿಯಾದ ಹಳೆಯ ಕೊಂಬೆಯನ್ನು ಎಸೆಯಲು ಅವಳು ಬಿಟ್ಟಿಲ್ಲ. ಅದು ಅಜ್ಜಿಯ ಎರಡು ಹವಳಗಳ ಜೊತೆ ಅದೇ ಡಬ್ಬಿಯಲ್ಲಿದೆ.